ಸೆರಗಿನ ತುದಿಗೆ ಅರಿಶಿನ

ಒಂದು ಪ್ಯಾನ್ ಸಂಖ್ಯೆಗೆ ಒಂದೇ ಅಂಗಡಿ. ಮಾರಾಟದ ಜಾಲತಾಣದವರು ಅದನ್ನು ಕಾಯಂ ಆಗಿ ಮುಚ್ಚಿದರೆ ಅದೇ ಹೆಸರಿನಲ್ಲಿ ಇನ್ನೊಂದು ತೆರೆಯುವಂತಿಲ್ಲ. ಆನ್‌ಲೈನ್‌ನಲ್ಲಿ ಸೀರೆ ಮಾರಲು ನೋಂದಾಯಿಸಿಕೊಂಡ ದಿನ ಅಕ್ಕ ಈ ನಿಯಮವನ್ನು ನಿಧಾನವಾಗಿ ಓದಿದಳು. ಆಮೇಲೆ ಕನ್ನಡಕ ತೆಗೆದು, “ಜನ್ಮ ಇದ್ಧಂಗ ಐತಿ. ಒಂದ ಸಲ,” ಎಂದಳು.

ಅಷ್ಟು ಹೊತ್ತಿಗೆ ಅವಳು ಕಲಿಸುತ್ತಿದ್ದ ಶಾಲೆ ಮುಚ್ಚಿಹೋಗಿತ್ತು. ಅದು ಕನ್ಹಾನ್‌ನಲ್ಲಿದ್ದ ಒಂದು ಸಣ್ಣ ಖಾಸಗಿ ಶಾಲೆ. ಪ್ರತಾಪ ನಗರದ ಮನೆಯಿಂದ ಬಸ್ಸು ಬದಲಿಸಿ, ಇಡೀ ನಾಗಪುರವನ್ನು ಅಡ್ಡ ದಾಟಿ, ಕಾಮಠಿಯನ್ನೂ ದಾಟಿ ಅವಳು ಅಲ್ಲಿಗೆ ಹೋಗುತ್ತಿದ್ದಳು. ಭಾವ ಮದ್ದುಗುಂಡು ತಯಾರಿಸುವ ಆರ್ಡ್‌ನೆನ್ಸ್ ಫ್ಯಾಕ್ಟರಿಯ ತಪಾಸಣೆ ವಿಭಾಗದಿಂದ ನಿವೃತ್ತರಾಗಿದ್ದರು. ಅವರ ಪಿಂಚಣಿಯಲ್ಲಿ ಮನೆ ನಡೆಯುತ್ತಿತ್ತು. ಸೀರೆ ಮಾರದಿದ್ದರೆ ಒಲೆ ಉರಿಯುವುದಿಲ್ಲ ಎಂಬ ಸ್ಥಿತಿ ಇರಲಿಲ್ಲ. ಇದನ್ನು ಮೊದಲೇ ದಾಖಲಿಸುತ್ತಿದ್ದೇನೆ, ಏಕೆಂದರೆ ಮುಂದೆ ಬಹಳ ಜನ ಅಕ್ಕನಿಗೆ ಇದನ್ನೇ ಸಮಾಧಾನವಾಗಿ ಹೇಳಿದರು.

ಅವಳಿಗೆ ಬೇಕಾಗಿದ್ದುದು ಬೇರೆ. “ಕನ್ಹಾನ್‌ದಾಗ ಬಸ್ ಕಂಡಕ್ಟರ್ ಸೈತ ನನಗ ಮ್ಯಾಡಮ್ ಅಂತಿದ್ದ. ಈಗ ಹಾಲಿನಾಂವ ಬಾಗಿಲಾ ಬಡದು, ನನ್ನ ಮಾರಿ ನೋಡಿ, ‘ಸಾಹೇಬ ಆಹೇತ್ ಕಾ’, ಸಾಹೇಬರು ಅದಾರೇನು ಅಂತ ಕೇಳ್ತಾನ,” ಎಂದು ಒಮ್ಮೆ ಹೇಳಿದ್ದಳು. ಅಂಗಡಿ ತೆರೆದ ಮೇಲೆ ಫೋನಿನ ಪರದೆಯಲ್ಲಿ ಅವಳ ಹೆಸರು ಇಂಗ್ಲಿಷ್ ಅಕ್ಷರಗಳಲ್ಲಿ ಬಂತು, ಕೆಳಗೆ ‘ಮಾಲೀಕರು’ ಎಂಬ ಅರ್ಥದ ಪದ. ಅದನ್ನು ಅವಳು ಭಾವನಿಗೆ ತೋರಿಸಲಿಲ್ಲ. ನನಗೆ ತೋರಿಸಿದಳು.

ನಾನು ಅವಳ ತಮ್ಮ. ಈ ಊರಿನ ಒಂದು ಇಂಗ್ಲಿಷ್ ಪತ್ರಿಕೆಯ ಡೆಸ್ಕಿನಲ್ಲಿ ನೌಕರಿ ಮುಗಿಸಿದವನು. ವರದಿಗಾರರು ತಂದ ಸುದ್ದಿಯನ್ನು ನಂಬದೆ ಓದುವುದು ನನ್ನ ಕೆಲಸವಾಗಿತ್ತು. ತಂದೆ ರೈಲ್ವೆಯಲ್ಲಿದ್ದರು. ಬಾಗಲಕೋಟೆ ಕಡೆಯಿಂದ ವರ್ಗವಾಗಿ ಬಂದು ಇಲ್ಲೇ ಉಳಿದರು. ನಮ್ಮ ಕನ್ನಡ ಮನೆಯೊಳಗೆ ಬೆಳೆದದ್ದು. ಹೊರಗೆ ಕಾಲಿಟ್ಟರೆ ಮರಾಠಿ, ಇಲ್ಲವೇ ಹಿಂದಿ. ನಿವೃತ್ತಿಯ ನಂತರ ರಾಮದಾಸಪೇಠ್‌ನ ನನ್ನ ಮನೆಯಿಂದ ಹೊರಟು ಅಕ್ಕನ ಮನೆಯಲ್ಲಿ ಚಹಾ ಕುಡಿದು ಬರುವುದು ನನ್ನ ದಿನಚರಿಯಾಗಿತ್ತು. ಹಾಗಾಗಿ ಮುಂದಿನದಕ್ಕೆಲ್ಲ ನಾನು ಸಾಕ್ಷಿ.

ಹೊಸದಾಗಿ ಅಂಗಡಿ ತೆರೆದವರ ಫೋನ್ ಸಂಖ್ಯೆ ವಂಚಕರಿಗೆ ಹೇಗೆ ಸಿಗುತ್ತದೋ ಗೊತ್ತಿಲ್ಲ, ಸಿಗುತ್ತದೆ. ನಾನು ಅಕ್ಕನಿಗೆ ಡೆಸ್ಕಿನ ಶಿಸ್ತನ್ನೇ ಹೇಳಿಕೊಟ್ಟೆ. ಹಣ ಹಾಕಿದ್ದೇನೆ ಎಂದು ಯಾರಾದರೂ ಚಿತ್ರ ಕಳಿಸಿದರೆ ಚಿತ್ರವನ್ನು ನಂಬಬೇಡ, ಬ್ಯಾಂಕಿನ ಖಾತೆ ನೋಡು. ಹಣ ಬರಬೇಕಾದರೆ ನೀನು ಪಿನ್ ಒತ್ತಬೇಕಾಗಿಲ್ಲ. ಪಾರ್ಸಲ್ ಒಯ್ಯಲು ಬಂದವನ ಗುರುತು ಆ್ಯಪ್‌ನಲ್ಲಿ ತಾಳೆಯಾಗದಿದ್ದರೆ ಪೊಟ್ಟಣ ಕೊಡಬೇಡ.

ಪಕ್ಕದಲ್ಲಿ ಕೂತ ಭಾವ ಕೇಳಿಸಿಕೊಂಡು, “ಏನ್ರಿ ಪೇಪರ್‌ನವರ, ನಿಮ್ಮಲ್ಲಿ ಇಷ್ಟು ತಪಾಸಣಿ ಇತ್ತಂದ್ರ ದಿನಾ ಮೂಲ್ಯಾಗ ‘ತಿದ್ದುಪಡಿ’ ಅಂತ ಯಾಕ ಹಾಕ್ತಿದ್ರಿ?” ಎಂದರು.

“ಅದೂ ತಪಾಸಣಿನs, ಭಾವಾ. ಜರಾ ತಡಾ ಆಗಿ ಆದದ್ದು.”

ಅಕ್ಕ ನನ್ನ ಪಾಠವನ್ನು ನನಗಿಂತ ಚೆನ್ನಾಗಿ ಪಾಲಿಸಿದಳು. ಸೇನೆಯಲ್ಲಿದ್ದೇನೆ, ಹೆಂಡತಿಗೆ ಆರು ಸೀರೆ ಬೇಕು, ಈ ಕೋಡ್ ಸ್ಕ್ಯಾನ್ ಮಾಡಿದರೆ ಹಣ ಬರುತ್ತದೆ ಎಂದು ಒಬ್ಬ ಇಂಗ್ಲಿಷ್‌ನಲ್ಲಿ ಬರೆದ. ಅವಳು ಆ ಸಂದೇಶದ ತಪ್ಪುಗಳನ್ನೆಲ್ಲ ತಿದ್ದಿ ಅವನಿಗೇ ವಾಪಸ್ ಕಳಿಸಿದಳು. ಅವನು ‘ಥ್ಯಾಂಕ್ಯೂ ಮ್ಯಾಮ್’ ಎಂದು ಉತ್ತರ ಬರೆದ. ಭಾವ ಊಟಕ್ಕೆ ಕೂತಾಗೆಲ್ಲ ಅದನ್ನು ನೆನೆದು ನಗುತ್ತಿದ್ದರು. ಇನ್ನೊಬ್ಬ ಹಣ ಕೊಟ್ಟರೆ ಐದು ನಕ್ಷತ್ರದ ಅಭಿಪ್ರಾಯ ಬರೆಸಿಕೊಡುತ್ತೇನೆ ಎಂದಾಗ, “ಪರೀಕ್ಷಾದಾಗ ಕಾಪಿ ಹೊಡಸೂದು ನನ್ನ ಸಾಲ್ಯಾಗ ನಡೀಲಿಲ್ಲ, ಇಲ್ಲಿ ನಡಸ್ಲೇನು?” ಎಂದು ನನ್ನನ್ನೇ ಕೇಳಿದಳು, ಆ ಸಲಹೆ ನನ್ನದೇ ಎಂಬಂತೆ.

ಅವಳು ಮಾರುತ್ತಿದ್ದುದು ಇಳಕಲ್ ಸೀರೆ. ನಮ್ಮ ತಾಯಿಯ ತವರಿನ ಹತ್ತಿರದ ಒಂದು ನೇಕಾರ ಮನೆಯಿಂದ ತರಿಸುತ್ತಿದ್ದಳು. ಆ ಮನೆಯವರು ನಮ್ಮ ಮನೆಯ ಮದುವೆ, ಸೀಮಂತಗಳಿಗೆಲ್ಲ ನೇಯ್ದುಕೊಟ್ಟವರು. ಕೆಂಪು ಸೆರಗು, ಅದರಲ್ಲಿ ಬಿಳಿಯ ತೆನೆ, ಒಡಲಿಗೆ ಕಪ್ಪೋ ಹಸಿರೋ. ನಾಗಪುರದ ಹೆಂಗಸರಿಗೆ ಇದು ಹೊಸದಲ್ಲ, ಅವರು ‘ಇರಕಲ್’ ಎನ್ನುತ್ತಾರೆ. ಮೊದಲ ಗಿರಾಕಿ ಎದುರು ಮನೆಯ ಮರಾಠಿ ಹೆಂಗಸು, ನಾವೆಲ್ಲ ಕಾಕು ಎನ್ನುವವರು. ಸೀರೆ ಬಿಚ್ಚಿ ಸೆರಗು ನೋಡಿದಾಗ ತುದಿಯಲ್ಲಿ ಅರಿಶಿನದ ಬೊಟ್ಟು ಕಂಡಿತು. ಆಕೆ ಅದನ್ನು ಕಣ್ಣಿಗೆ ಒತ್ತಿಕೊಂಡರು.

ಆ ಬೊಟ್ಟಿನ ಬಗ್ಗೆ ಹೇಳಬೇಕು. ನಮ್ಮ ಮನೆಯಲ್ಲಿ ಹೊಸ ಬಟ್ಟೆಯನ್ನು ಹಾಗೆಯೇ ಯಾರ ಕೈಗೂ ಕೊಡುವುದಿಲ್ಲ. ತುದಿಗೆ ಒಂದಿಷ್ಟು ಅರಿಶಿನ ಹಚ್ಚಿಯೇ ಕೊಡಬೇಕು. ಅರಿಶಿನ ಕಾಣದ ಹೊಸ ಬಟ್ಟೆ ಹೆಣಕ್ಕೆ ಹೊದಿಸುವುದು ಎಂದು ತಾಯಿ ಹೇಳುತ್ತಿದ್ದಳು. ತಂದೆ ತೀರಿದ ದಿನ ಬಿಳಿ ಪಂಚೆಯನ್ನು ಹಾಗೆಯೇ ಪೊಟ್ಟಣದಿಂದ ತೆಗೆದು ಹೊದಿಸಿದ್ದನ್ನು ನಾವಿಬ್ಬರೂ ನೋಡಿದ್ದೆವು. ಅಕ್ಕ ಮಾರುವ ಪ್ರತಿ ಸೀರೆಗೂ, ಮಡಚುವ ಮುನ್ನ, ಉಂಗುರ ಬೆರಳಿನಿಂದ ಸೆರಗಿನ ತುದಿಗೆ ಒದ್ದೆ ಅರಿಶಿನ ಮುಟ್ಟಿಸುತ್ತಿದ್ದಳು. ಅದಕ್ಕೆ ಅವಳು ಕಾರಣ ಕೊಡುತ್ತಿರಲಿಲ್ಲ, ನಾವು ಕೇಳುತ್ತಲೂ ಇರಲಿಲ್ಲ.

ಸೀರೆ ನಾಗಪುರದ ಆಚೆ ಹೋಗಲು ಶುರುವಾದಾಗ ಮೊದಲ ದೂರು ಬಂತು. ಉತ್ತರದ ಯಾವುದೋ ನಗರದ ಹೆಂಗಸು. ಹೊಸ ಸೀರೆಯ ಮೇಲೆ ಹಳದಿ ಕಲೆ ಇದೆ, ಬಳಸಿದ ಮಾಲು ಕಳಿಸಿದ್ದಾರೆ ಎಂದು ಒಂದೇ ನಕ್ಷತ್ರ ಕೊಟ್ಟು ಸೀರೆ ಹಿಂದಿರುಗಿಸಿದಳು. ಅವಳು ಮೋಸಗಾರ್ತಿಯಲ್ಲ. ಅದೇ ಸೀರೆ, ಅದೇ ಮಡಿಕೆಯಲ್ಲಿ ವಾಪಸ್ ಬಂತು. ಅವಳಿಗೆ ನಿಜವಾಗಿಯೂ ಅದು ಕಲೆಯಾಗಿ ಕಂಡಿತ್ತು.

ಅಕ್ಕ ಆ ಅಭಿಪ್ರಾಯದ ಕೆಳಗೆ ಎಲ್ಲರಿಗೂ ಕಾಣುವಂತೆ ಉತ್ತರ ಬರೆದಳು. ನಮ್ಮ ಪದ್ಧತಿಯಂತೆ ಪ್ರತಿ ಸೀರೆಗೂ ಶುಭಕ್ಕೆಂದು ಅರಿಶಿನ ಹಚ್ಚಿಯೇ ಕಳಿಸುತ್ತೇವೆ, ಒಗೆದರೆ ಹೋಗುತ್ತದೆ, ನೋವಾಗಿದ್ದರೆ ಕ್ಷಮಿಸಿ ಎಂದು. ಕಳಿಸುವ ಮೊದಲು ನನಗೆ ತೋರಿಸಿದಳು. ಒಂದು ಅಲ್ಪವಿರಾಮ ಹೆಚ್ಚಾಗಿತ್ತು, ತೆಗೆದೆ.

ಅದಾದ ಮೇಲೆ ನಾನು ಬೊಟ್ಟಿನ ಮಾತೆತ್ತಿದೆ.

“ಅಕ್ಕಾ, ಇನ್ನ ಅರಿಷಿಣ ಹಚ್ಚೂದು ಬಿಡು. ಅವರ ಲೆಕ್ಕದಾಗ ಅದು ಕಲೆ.”

“ಬಿಟ್ಟು? ಹೆಣದ ಅರಿವಿ ಕಳಸ್ಲಿ?”

“ಕೊಡೂದು ಬ್ಯಾರೆ, ಮಾರೂದು ಬ್ಯಾರೆ.”

“ಅದು ನಿನಗ ಮತ್ತ ನನಗ. ಉಟ್ಕೊಳ್ಳಾಕಿ ಮೈಗೆ ಏನು ಗೊತ್ತು, ಕೊಟ್ಟದ್ದೋ ಮಾರಿದ್ದೋ?”

ಭಾವ ಪತ್ರಿಕೆ ಕೆಳಗಿಳಿಸಿದರು. “ನಮ್ಮ ಫ್ಯಾಕ್ಟ್ರ್ಯಾಗ ದಸರಾಕ್ಕ ಗುಂಡಿಗೂ ಪೂಜಾ ಆಗ್ತಿತ್ತು. ಆದ್ರ ಕುಂಕುಮ ಡಬ್ಬಿಗೆ ಹಚ್ತಿದ್ವಿ, ಗುಂಡಿಗಲ್ಲ. ನೀನೂ ಡಬ್ಬಿಗೆ ಹಚ್ಚು.”

“ಡಬ್ಬಿ ಉಡತಾರೇನ್ರಿ?”

“ಉಡೂದಿಲ್ಲ. ಅದಕ್ಕs ವಾಪಸ್ ಬರೂದಿಲ್ಲ.”

ಅಕ್ಕ ನಕ್ಕಳು, ಆದರೆ ಬಿಡಲಿಲ್ಲ. ಒಂದು ರಾಜಿಯಾಯಿತು. ಬೊಟ್ಟನ್ನು ಬಿಳಿ ತೆನೆಯಿಂದ ಕೆಂಪು ಭಾಗಕ್ಕೆ ಸರಿಸಿದಳು, ಸಣ್ಣದು ಮಾಡಿದಳು. ಜೊತೆಗೆ ಒಂದು ವಾದ ಮುಂದಿಟ್ಟಳು. “ನೀನs ಹೇಳ್ತಿದ್ದೆಲ್ಲ, ನಮ್ಮ ಮಾಲು ಇಟಗೊಂಡು ಬ್ಯಾರೆ ಮಾಲು ವಾಪಸ್ ಕಳಸ್ತಾರ ಅಂತ. ಬದಲಿ ಸೀರಿ ಮ್ಯಾಲ ನನ್ನ ಅರಿಷಿಣ ಎಲ್ಲಿಂದ ಬರ್ತೈತಿ? ಇದs ಗುರುತು.”

ವಾದದಲ್ಲಿ ಹುರುಳಿತ್ತು. ನಾನು ಒಪ್ಪಿದೆ.

ವಾಪಸ್ ಬರುವ ಮಾಲಿನ ಮೋಸ ಹೊಸ ಮಾರಾಟಗಾರರಿಗೆ ಎಲ್ಲಕ್ಕಿಂತ ದೊಡ್ಡ ಅಪಾಯ ಎಂದು ನಾನು ಅಷ್ಟರಲ್ಲಿ ಓದಿಕೊಂಡಿದ್ದೆ. ಅದಕ್ಕೆ ತಾಣ ಒಪ್ಪುವ ಸಾಕ್ಷ್ಯ ವಿಡಿಯೋ. ಪೊಟ್ಟಣ ಕಟ್ಟುವುದನ್ನು ಎಲ್ಲೂ ಕತ್ತರಿಸದೆ ಚಿತ್ರೀಕರಿಸಬೇಕು ಎಂದು ಹೇಳಿದೆ. ಸೀರೆ ಪೂರ್ತಿ ಬಿಚ್ಚಿ ಎರಡೂ ತುದಿ ತೋರಿಸು, ಮಡಚು, ಪೊಟ್ಟಣಕ್ಕೆ ಹಾಕು, ಅಂಟಿಸು, ವಿಳಾಸದ ಚೀಟಿ ಓದುವಂತಿರಲಿ, ಪಕ್ಕದಲ್ಲಿ ಆ ದಿನದ ಪತ್ರಿಕೆ ಇರಲಿ. ಭಾವ ಫೋನ್ ಹಿಡಿಯುತ್ತಿದ್ದರು. ಫ್ಯಾಕ್ಟರಿಯ ಅಭ್ಯಾಸ, ಅವರ ಕೈ ನಡುಗುತ್ತಿರಲಿಲ್ಲ. ನಾನು ಆ ವಿಡಿಯೋಗಳನ್ನು ನೋಡಿ ಒಪ್ಪಿಗೆ ಕೊಡುತ್ತಿದ್ದೆ. ನಾನು ನೋಡುತ್ತಿದ್ದುದು ವಿಳಾಸ ಓದಲು ಬರುತ್ತದೆಯೇ, ನಡುವೆ ಎಲ್ಲಾದರೂ ಕಡಿದಿದೆಯೇ ಎಂಬುದನ್ನು.

ಶ್ರಾವಣದ ಹೊತ್ತಿಗೆ ಆರ್ಡರುಗಳು ಒಮ್ಮೆಲೇ ಏರಿದವು. ಎಲ್ಲವೂ ಹೆಚ್ಚು ಬೆಲೆಯ ಶುದ್ಧ ರೇಷ್ಮೆ ಸೀರೆಗಳಿಗೆ. ಅಕ್ಕನಿಗೆ ಕಾರಣ ಸ್ಪಷ್ಟವಿತ್ತು. ಅವಳ ಉತ್ತರ ಓದಿ ಜನರಿಗೆ ಪದ್ಧತಿ ಇಷ್ಟವಾಗಿದೆ. “ನೋಡು, ಬಿಡು ಬಿಡು ಅಂತಿದ್ದಿ,” ಎಂದು ನನ್ನನ್ನು ಚುಚ್ಚಿದಳು. ನೇಕಾರರ ಮನೆಗೆ ಫೋನ್ ಮಾಡಿ, ಎಷ್ಟು ನೇಯ್ದರೂ ಕಳಿಸಿ ಎಂದಳು. ಅವರು ನಿಂತುಹೋಗಿದ್ದ ಇನ್ನೊಂದು ಮಗ್ಗವನ್ನೂ ಹೂಡಿದರು. ಆ ದಿನಗಳಲ್ಲಿ ಪಾರ್ಸಲ್ ಒಯ್ಯಲು ಬರುವವರು ಬಾಗಿಲಲ್ಲಿ ನಿಂತು “ಮ್ಯಾಡಮ್” ಎಂದು ಕೂಗುತ್ತಿದ್ದರು. ಭಾವ ಎದ್ದು ಬಾಗಿಲು ತೆಗೆದರೂ, “ಮ್ಯಾಡಮ್ ಕೋ ಬುಲಾಯಿಯೇ”, ಅವರನ್ನೇ ಕರೆಯಿರಿ, ಎನ್ನುತ್ತಿದ್ದರು. ಭಾವ ಒಳಗೆ ತಿರುಗಿ, “ಏ ಮ್ಯಾಡಮ್, ನಿಮ್ಮ ಪ್ಯೂನ್ ನಾ ಬಾಗಲಾ ತಗದೇನಿ,” ಎನ್ನುತ್ತಿದ್ದರು. ಅಕ್ಕ ಒದ್ದೆ ಕೈ ಒರೆಸಿಕೊಳ್ಳುತ್ತ ಬರುತ್ತಿದ್ದಳು.

ಒಂದು ಸಂಜೆ ಚೀಟಿಗಳನ್ನು ಅಂಟಿಸುತ್ತಿದ್ದಾಗ ನನಗೆ ಒಂದು ಸಂಗತಿ ಕಂಡಿತು. ಹೆಸರುಗಳು ಬೇರೆ ಬೇರೆ, ಮನೆ ಸಂಖ್ಯೆಗಳು ಬೇರೆ ಬೇರೆ, ಪಿನ್ ಕೋಡ್ ಮಾತ್ರ ಹೆಚ್ಚಿನವುಗಳಿಗೆ ಒಂದೇ. ಹೇಳಿದೆ. ಅಲ್ಲಿ ಒಬ್ಬರು ಕೊಂಡು ಅಕ್ಕಪಕ್ಕದವರಿಗೆ ಹೇಳಿರಬೇಕು ಎಂದಳು ಅಕ್ಕ. ಪ್ರತಾಪ ನಗರದಲ್ಲಿ ಆಗಿದ್ದೂ ಹಾಗೆಯೇ. ಕಾಕು ಕೊಂಡ ಮೇಲೆ ಆ ಸಾಲಿನ ಮನೆಗಳೆಲ್ಲ ಕೊಂಡಿದ್ದವು. ಡೆಸ್ಕಿನ ಭಾಷೆಯಲ್ಲಿ ಹೇಳುವುದಾದರೆ, ನನ್ನ ಅನುಮಾನಕ್ಕೆ ಎರಡನೆಯ ಮೂಲ ಇರಲಿಲ್ಲ. ಪೊಟ್ಟಣಗಳು ಹೋದವು.

ಅವು ಮರಳಿ ಬರತೊಡಗಿದಾಗ ಎಲ್ಲದರ ಮೇಲೂ ಒಂದೇ ಕಾರಣ ಇತ್ತು: ಬಳಸಿದ ವಸ್ತು, ಹಳದಿ ಕಲೆ. ಖರೀದಿದಾರರು ಸೆರಗಿನ ತುದಿಯ ಚಿತ್ರ ತೆಗೆದು ಹಾಕಿದ್ದರು. ಬೊಟ್ಟು ಅಕ್ಕನದೇ. ತಾಣ ಅವರ ಹಣವನ್ನು ತಕ್ಷಣ ಹಿಂದಿರುಗಿಸಿತ್ತು.

ಮೊದಲ ಪೊಟ್ಟಣವನ್ನು ಬಿಚ್ಚುವಾಗಲೂ ಭಾವ ಚಿತ್ರೀಕರಿಸಿದರು. ಒಳಗೆ ಇದ್ದದ್ದು ಎಷ್ಟೋ ಸಲ ಒಗೆದು ಬಣ್ಣ ಹೋದ ನೈಲಾನ್ ಸೀರೆ. ಎರಡನೆಯದರಲ್ಲಿ ಹಾಸಿಗೆಯ ಹೊದಿಕೆ. ಇನ್ನೊಂದರಲ್ಲಿ ಕಿಟಕಿ ಪರದೆ, ಉಂಗುರಗಳ ಸಮೇತ. ಅಕ್ಕ ಒಂದೊಂದನ್ನೂ ನೆಲಕ್ಕೆ ಹಾಸಿ, ನಾನು ಹೇಳಿಕೊಟ್ಟಂತೆ, ನಾಲ್ಕೂ ತುದಿ ತೋರಿಸುತ್ತ ಹೋದಳು. ಪ್ರತಿಯೊಂದರ ಒಂದು ತುದಿಯಲ್ಲಿ ಅರಿಶಿನದ ಬೊಟ್ಟಿತ್ತು. ಉಂಗುರ ಬೆರಳಿನ ಗಾತ್ರದ್ದೇ. ಎಲ್ಲೋ ಯಾರೋ ಒಬ್ಬರು ಅಕ್ಕನ ಆ ಉತ್ತರ ಓದಿ, ಕೂತು, ಅರಿಶಿನ ಕಲಸಿ, ಪರದೆಯ ತುದಿ ಹುಡುಕಿ ಹಚ್ಚಿದ್ದರು.

ಭಾವ ಫೋನ್ ಕೆಳಗಿಳಿಸಿದರು. “ನಮ್ಮಲ್ಲಿ ರಿಜೆಕ್ಟ್ ಆದ ಮಾಲು ವಾಪಸ್ ಬರತಿತ್ತು. ಆದ್ರ ನಮ್ಮದs ಬರತಿತ್ತು,” ಎಂದರು. ತಮಾಷೆಯಾಗಿ ಶುರುಮಾಡಿದ ಮಾತು ಹಾಗೆ ಮುಗಿಯಲಿಲ್ಲ.

ಅಕ್ಕ ಪರದೆಯನ್ನು ಮಡಚುತ್ತಿದ್ದಳು. “ಚಲೋ ಹಚ್ಯಾರ,” ಎಂದಳು.

ಆದರೂ ನಮಗೆ ಆಗ ಭಯವಿರಲಿಲ್ಲ. ನಮ್ಮಲ್ಲಿ ವಿಡಿಯೋ ಇತ್ತು. ಪ್ರತಿ ಸೀರೆಯದು, ಕಡಿಯದೆ ತೆಗೆದದ್ದು, ಪತ್ರಿಕೆಯ ಸಮೇತ. ಇಳಕಲ್ ರೇಷ್ಮೆ ಹೋಗಿದೆ, ಕಿಟಕಿ ಪರದೆ ಬಂದಿದೆ. ಇದಕ್ಕಿಂತ ನೇರವಾದ ಪ್ರಕರಣ ಡೆಸ್ಕಿನಲ್ಲಿ ನಾನು ಕಂಡಿದ್ದು ಕಡಿಮೆ. ನಷ್ಟ ತುಂಬಿಕೊಡಿ ಎಂದು ತಾಣಕ್ಕೆ ಸಲ್ಲಿಸುವ ದಾವೆಯ ವಿವರಣೆಯನ್ನು ನಾನೇ ಬರೆದೆ, ವಿಶೇಷಣಗಳಿಲ್ಲದೆ. ವಿಡಿಯೋಗಳನ್ನು ಜೋಡಿಸಿದೆವು.

ಉತ್ತರ ಬಂತು. ಮೊದಲನೆಯದಕ್ಕೆ ಬಂದದ್ದೇ ಉಳಿದ ಎಲ್ಲಕ್ಕೂ ಬಂತು. ನೀವು ಸಲ್ಲಿಸಿದ ವಿಡಿಯೋದಲ್ಲಿ ಪೊಟ್ಟಣ ಕಟ್ಟುವ ಮುನ್ನ ಮಾರಾಟಗಾರರೇ ಉತ್ಪನ್ನಕ್ಕೆ ಬಣ್ಣದ ಪದಾರ್ಥವನ್ನು ಹಚ್ಚುತ್ತಿರುವುದು ಕಾಣುತ್ತದೆ. ಖರೀದಿದಾರರ ದೂರು ಸರಿಯಾಗಿದೆ. ನಿಮ್ಮ ದಾವೆಯನ್ನು ತಿರಸ್ಕರಿಸಲಾಗಿದೆ.

ವಿಡಿಯೋವನ್ನು ಮತ್ತೆ ಹಾಕಿ ನೋಡಿದೆವು. ಭಾವನ ಸ್ಥಿರ ಕೈ, ಒಳ್ಳೆಯ ಬೆಳಕು. ಪತ್ರಿಕೆಯ ತಲೆಬರಹ ಸಹ ಓದಬಹುದಿತ್ತು. ಅಕ್ಕನ ಬೆರಳು ಬಟ್ಟಲಿಗೆ ಹೋಗಿ ಸೆರಗಿಗೆ ಬರುತ್ತಿತ್ತು. ಅದು ಅವಳಿಗೆ ಎಷ್ಟು ಸಹಜವಾಗಿತ್ತೆಂದರೆ, ಆ ಕ್ಷಣದಲ್ಲಿ ಅವಳು ಭಾವನಿಗೆ ಅಕ್ಕಿ ತೊಳೆದಿದ್ದೀರಾ ಎಂದು ಕೇಳುತ್ತಿದ್ದಳು.

ಆ ಉತ್ತರದ ವಾಕ್ಯಗಳನ್ನು ನಾನು ವೃತ್ತಿಯ ಕಣ್ಣಿನಿಂದ ಓದಿದೆ. ಸುಳ್ಳು ಹುಡುಕಿದೆ, ಅತಿಶಯೋಕ್ತಿ ಹುಡುಕಿದೆ. ಸಿಗಲಿಲ್ಲ. ಬಣ್ಣದ ಪದಾರ್ಥ ಎಂಬುದೂ ನಿಜವೇ.

ಪರದೆಯ ವಿಷಯಕ್ಕೆ ಅವರು ಉತ್ತರಿಸಲಿಲ್ಲ. ಕಲೆ ಮಾರಾಟಗಾರರದೇ ಎಂದು ಸಾಬೀತಾದ ಮೇಲೆ ಹಿಂದಿರುಗಿದ ವಸ್ತುವನ್ನು ಪರಿಶೀಲಿಸುವ ಅಗತ್ಯ ಬೀಳುವುದಿಲ್ಲ ಎಂದು ಎರಡನೆಯ ಮನವಿಗೆ ಬರೆದರು. ಮೂರನೆಯ ಮನವಿಯನ್ನು ಅಕ್ಕನೇ ಬರೆದಳು. ಅದರಲ್ಲಿ ತಾಯಿ ಇದ್ದಳು, ಅರಿಶಿನ ಇತ್ತು, ನೇಕಾರರ ಮನೆ ಇತ್ತು. ಕಳಿಸಿ ಫೋನ್ ಕೆಳಗಿಡುವಷ್ಟರಲ್ಲಿ ಉತ್ತರ ಬಂತು. ಯಾವ ಮನುಷ್ಯನೂ ಅಷ್ಟು ಬೇಗ ಅದನ್ನು ಓದಿರಲು ಸಾಧ್ಯವಿರಲಿಲ್ಲ. ಮಾತನಾಡಲು ಒಂದು ಸಂಖ್ಯೆ ಬೇಕು ಎಂದು ನಾವು ಆ ತಾಣದ ಪುಟಗಳನ್ನೆಲ್ಲ ತಡಕಿದೆವು. ಇರಲಿಲ್ಲ. ತಾಣದ ಚಾಟ್‌ನಲ್ಲಿ ಪ್ರತಿಸಲ ಹೊಸ ಹೆಸರಿನವರು ಬಂದು, ನಿಮ್ಮ ಬೇಸರ ನಮಗೆ ಅರ್ಥವಾಗುತ್ತದೆ ಎಂದು ಬರೆದು ಹೋಗುತ್ತಿದ್ದರು.

ಆಮೇಲೆ ಎಚ್ಚರಿಕೆ ಬಂತು. ಬಳಸಿದ ವಸ್ತುಗಳನ್ನು ಹೊಸದೆಂದು ಮಾರುವ ಅಂಗಡಿ ಎಂದು ನಿಮ್ಮ ಖಾತೆಯನ್ನು ಪರಿಶೀಲನೆಗೆ ಇಡಲಾಗಿದೆ. ಅಕ್ಕ ಅಂದೇ ಅರಿಶಿನ ಹಚ್ಚುವುದನ್ನು ನಿಲ್ಲಿಸಿದಳು. ನಿಲ್ಲಿಸಿದ ಮೇಲೆ ಕಳಿಸಲು ಆರ್ಡರುಗಳೂ ಬರಲಿಲ್ಲ. ಅಂಗಡಿ ಯಾರಿಗೂ ಕಾಣದಂತೆ ಮಾಡಿದ್ದರು.

ನಾವು ಠಾಣೆಗೆ ಹೋದೆವು. ಅಲ್ಲಿದ್ದ ಅಧಿಕಾರಿ ಅಕ್ಕನನ್ನು ಕೂರಿಸಿ ನೀರು ಕೊಡಿಸಿದರು. ವಿಡಿಯೋವನ್ನು ಪೂರ್ತಿ ನೋಡಿದರು. ಬೆರಳು ಬಟ್ಟಲಿಗೆ ಹೋದಾಗ ನಿಲ್ಲಿಸಿ, “ಕಾಕು, ಹಾ ವ್ಹಿಡಿಯೋ ತುಮಚಾಚ ಆಹೇ ನಾ?” ಎಂದರು. ವಿಡಿಯೋ ನಮ್ಮದೇ ಎಂದು ಅಕ್ಕ ತಲೆಯಾಡಿಸಿದಳು. ಅವರ ಮನೆಯಲ್ಲೂ ಅರಿಶಿನ ಹಚ್ಚುತ್ತಾರಂತೆ. ದೂರು ಬರೆದುಕೊಂಡರು. ಕೊಟ್ಟ ಹೆಸರು ವಿಳಾಸಗಳಲ್ಲಿ ಯಾರೂ ಇರುವುದಿಲ್ಲ, ಆಸೆ ಇಟ್ಟುಕೊಳ್ಳಬೇಡಿ ಎಂದೂ ಹೇಳಿದರು. ಸುಳ್ಳು ಭರವಸೆ ಕೊಡದ ಮನುಷ್ಯ.

ಹೊರಗೆ ಬಂದು ಆಟೋಕ್ಕೆ ಕಾಯುವಾಗ ಅಕ್ಕ, “ನಿಮ್ಮ ಪೇಪರ್‌ನಾಗ ಹಾಕ್ಸು,” ಎಂದಳು.

ಮನೆಗೆ ಹೋಗಿ ಬರೆದೆ. ನೌಕರಿಯಲ್ಲಿದ್ದಾಗ ಬರೆಯುತ್ತಿದ್ದಂತೆಯೇ, ಯಾರು, ಎಲ್ಲಿ, ಏನು ಎಂದು. ಮುಗಿಸಿ, ಇನ್ನೊಬ್ಬರದು ಎಂಬಂತೆ ಓದಿದೆ. ಒಂದೇ ಕಡೆಯ ಹೇಳಿಕೆ. ಹೇಳುವವಳು ಬರೆದವನ ಅಕ್ಕ. ಕಿಟಕಿ ಪರದೆ ಪೊಟ್ಟಣದಲ್ಲೇ ಬಂತು ಎಂಬುದಕ್ಕೆ ಸಾಕ್ಷಿ ಮನೆಯವರೇ. ಹೊರಗಿನವರು ನೋಡಿ ಖಚಿತಪಡಿಸಬಹುದಾದ ಒಂದೇ ಸಂಗತಿ, ಮಾರುವವಳು ಹೊಸ ಸೀರೆಗೆ ತಾನೇ ಬಣ್ಣ ಹಚ್ಚಿದಳು ಎಂಬುದು. ಇಂಥದ್ದನ್ನು ಬೇರೆ ಯಾರಾದರೂ ತಂದಿದ್ದರೆ ನಾನು ಪಕ್ಕಕ್ಕಿಡುತ್ತಿದ್ದೆ. ಹಳೆಯ ಸಹೋದ್ಯೋಗಿಗಳಿಗೆ ಕಳಿಸಲಿಲ್ಲ. ಅಕ್ಕ ಕೇಳಿದಾಗ ಕಾರಣ ಹೇಳಿದೆ. ಅವಳು ಗಮನವಿಟ್ಟು ಕೇಳಿ, “ಬರೋಬರ್ ಐತಿ,” ಎಂದಳು. ಜಗಳ ಮಾಡಿದ್ದರೆ ನನಗೆ ಸುಲಭವಾಗುತ್ತಿತ್ತು.

ದೀಪಾವಳಿಯ ಮುಂಚೆ ಅಂಗಡಿಯನ್ನು ಕಾಯಂ ಆಗಿ ಮುಚ್ಚಿದರು. ತಿಳಿಸಿದ ಸಂದೇಶದಲ್ಲಿ ಅವಳ ಹೆಸರು ಸರಿಯಾಗಿತ್ತು.

ಭಾವ ಅಂದು ಬಹಳ ಮೃದುವಾಗಿ ಮಾತಾಡಿದರು. “ನನ್ನ ಪ್ಯಾನ್ ಐತೆಲ್ಲ. ನನ್ನ ಹೆಸರಿಲೆ ತಗಿ. ಕೆಲಸಾ ನೀನs ಮಾಡು, ಹೆಸರು ನಂದು ಇರ್ಲಿ.”

“ಬ್ಯಾಡ್ರಿ,” ಎಂದಳು ಅಕ್ಕ.

“ಯಾಕ? ಯಾರ ಹೆಸರಾದ್ರೇನು?”

ಅವಳು ಅವರನ್ನು ನೋಡಿದಳು. ನಂತರ ಕುಕ್ಕರ್ ಇಳಿಸಲು ಒಳಗೆ ಹೋದಳು. ಭಾವ ನನ್ನ ಕಡೆ ತಿರುಗಿ, “ತಪ್ಪೇನಂದ್ನಿ?” ಎಂದರು. ಪಾಪ, ಅವರಿಗೆ ತಿಳಿದಿರಲಿಲ್ಲ. ಫೋನಿನಲ್ಲಿ ಹೆಸರು ಬಂದ ದಿನ ಅವಳು ತೋರಿಸಿದ್ದು ನನಗೆ ಮಾತ್ರ.

ನೇಕಾರರ ಮನೆಗೆ ಫೋನ್ ಮಾಡುವುದು ಬಾಕಿ ಇತ್ತು. ಕೊಂಡ ಸೀರೆಗಳಿಗೆಲ್ಲ ಅವರಿಗೆ ಆಗಲೇ ಕೊಟ್ಟಾಗಿತ್ತು. ಹೇಳಬೇಕಾದದ್ದು ಇನ್ನು ನೇಯಬೇಡಿ ಎಂಬುದನ್ನು. ಅಕ್ಕ ಸ್ಪೀಕರ್ ಹಾಕಿದಳು. ಆ ಮನೆಯ ಹಿರಿಯ ಹೆಂಗಸು ಎತ್ತಿದರು. ಹಿಂದೆ ಮಗ್ಗದ ಸದ್ದು ಕೇಳುತ್ತಿತ್ತು.

“ಯಾಕ್ರಿ ಅಕ್ಕಾರ, ನಮ್ಮ ಮಾಲಿನಾಗ ಏನರ ಫರಕ್ ಬಂತೇನ್ರಿ?”

“ಇಲ್ರಿ ಬಾಯಾರ. ಮಾಲು ಬಂಗಾರ ಇದ್ಧಂಗ ಐತಿ.”

“ಮತ್ತ ವಾಪಸ್ ಯಾಕ ಬಂದ್ವು ಅಂತೀರಿ?”

ಅಕ್ಕ ವಿವರಿಸಲು ಶುರುಮಾಡಿದಳು. ಅರಿಶಿನದ ಮಾತು ಬಂದಾಗ ಆ ಕಡೆಯವರು ತಡೆದು, “ಅರಿಷಿಣ ಹಚ್ಚಿದ್ದಕ್ಕ ವಾಪಸ್ ಕಳಿಸಿದ್ರ? ಅವರ ಮನ್ಯಾಗ ಹೆಣ್ಮಕ್ಕಳಿಲ್ಲೇನ್ರಿ?” ಎಂದರು. ಅಕ್ಕ ಅಲ್ಲಿಗೇ ಬಿಟ್ಟಳು. ಆಮೇಲೆ ಆ ಹೆಂಗಸು ಯಾರಿಗೋ ಕೂಗಿ ಹೇಳಿದರು. ಮಗ್ಗದ ಸದ್ದು ನಿಂತಿತು.

ಅದಾಗಿ ಕೆಲವು ದಿನಗಳ ನಂತರ, ಮಧ್ಯಾಹ್ನ, ನಾನು ಅಲ್ಲಿದ್ದಾಗಲೇ ಆ ಕರೆ ಬಂತು. ಅಕ್ಕ ಸ್ಪೀಕರ್ ಹಾಕಿದಳು. ಹಿಂದಿ ಮಾತನಾಡುವ ಗಂಡಸು, ದನಿ ಚಿಕ್ಕ ವಯಸ್ಸಿನದು. ಮುಚ್ಚಿದ ಖಾತೆಗಳನ್ನು ಮತ್ತೆ ತೆರೆಸುವ ವಿಭಾಗದಿಂದ ಮಾತನಾಡುತ್ತಿದ್ದೇನೆ ಎಂದ. ಅಂಥ ವಿಭಾಗ ಇಲ್ಲ ಎಂಬುದು ನನಗೂ ಗೊತ್ತಿತ್ತು, ಅಕ್ಕನಿಗೂ ಗೊತ್ತಿತ್ತು. ಅವಳು ಫೋನಿನ ಮೇಲೆ ಅಂಗೈ ಮುಚ್ಚಿ, “ಕಳ್ಳ,” ಎಂದಳು. ನಾನು ತಲೆಯಾಡಿಸಿ, ಕಟ್ ಮಾಡು ಎಂದು ಸನ್ನೆ ಮಾಡಿದೆ.

ಅವನು ಕೇಳಿದ, “ಮಾತಾಜಿ, ಹುಆ ಕ್ಯಾ ಥಾ? ಶುರೂ ಸೇ ಬತಾಯಿಯೇ.”

ಏನಾಯಿತು, ಮೊದಲಿನಿಂದ ಹೇಳಿ. ಈ ಪ್ರಶ್ನೆಯನ್ನು ಆ ತಾಣದ ಕಡೆಯಿಂದ ಅಷ್ಟು ತಿಂಗಳಲ್ಲಿ ಯಾರೂ ಕೇಳಿರಲಿಲ್ಲ.

ಅಕ್ಕ ಅಂಗೈ ತೆಗೆದಳು. ಕುರ್ಚಿ ಎಳೆದುಕೊಂಡು ಕೂತು, ಮೊದಲಿನಿಂದ ಹೇಳಿದಳು. ಕನ್ಹಾನ್‌ನ ಶಾಲೆ ಮುಚ್ಚಿದ್ದು, ಇಳಕಲ್ಲಿನ ಮಗ್ಗ, ತಾಯಿ ಹೇಳುತ್ತಿದ್ದ ಹೆಣದ ಬಟ್ಟೆಯ ಮಾತು, ಉಂಗುರಗಳಿದ್ದ ಪರದೆ. ನಮಗೂ ಹೇಳದಿದ್ದ ಸಂಗತಿಗಳು ಅದರಲ್ಲಿ ಇದ್ದವು. ಪರದೆಯ ಮೇಲಿನ ಬೊಟ್ಟು ನೋಡಿದ ದಿನ ಅದನ್ನು ಒಗೆಯಲು ಮನಸ್ಸಾಗದೆ ಎತ್ತಿಟ್ಟಿದ್ದಾಳಂತೆ. ಅವನು ನಡುವೆ ಬಾಯಿ ಹಾಕಲಿಲ್ಲ. ಅವಳು ಮಾತು ನಿಲ್ಲಿಸಿದಾಗ, “ಫಿರ್, ಮಾತಾಜಿ?” ಎಂದು ಮುಂದಿನದನ್ನು ಕೇಳುತ್ತಿದ್ದ. ಒಮ್ಮೆ, “ಹಮಾರೇ ಯಹಾಂ ಭೀ ಲಗಾತೇ ಹೈಂ,” ಎಂದ, ನಮ್ಮಲ್ಲೂ ಹಚ್ಚುತ್ತಾರೆ ಎಂದು. ಅದು ನಿಜವಿರಬಹುದು. ಕೆಲಸದ ಭಾಗವೂ ಇರಬಹುದು. ಭಾವ ಬಾಗಿಲಲ್ಲಿ ಬಂದು ನಿಂತಿದ್ದರು.

ಎಲ್ಲ ಮುಗಿದ ಮೇಲೆ ಅವನು ಶುಲ್ಕದ ಮಾತಿಗೆ ಬಂದ. ಕಟ್ಟಿದರೆ ಸಂಜೆಯೊಳಗೆ ಅಂಗಡಿ ತೆರೆಯುತ್ತದೆ.

“ಕೊಡುವುದಿಲ್ಲ ಮಗಾ,” ಎಂದಳು ಅಕ್ಕ ಹಿಂದಿಯಲ್ಲಿ, ಶಾಂತವಾಗಿ. “ನೀನು ಮೋಸಗಾರ ಎಂದು ಮೊದಲ ಮಾತಿಗೇ ಗೊತ್ತಾಯಿತು.”

ಬೈಯುತ್ತಾನೆ ಎಂದುಕೊಂಡೆ. ಬೈಯಲಿಲ್ಲ.

“ತೋ ಇತನೀ ದೇರ್ ಬಾತ್ ಕ್ಯೂಂ ಕೀ, ಮಾತಾಜಿ?” ಎಂದು ಕೇಳಿದ. ಹಾಗಾದರೆ ಇಷ್ಟು ಹೊತ್ತು ಯಾಕೆ ಮಾತಾಡಿದಿರಿ? ಅವನಿಗೆ ನಿಜವಾಗಿಯೂ ತಿಳಿಯಬೇಕಿತ್ತು ಎನಿಸಿತು.

ಅಕ್ಕ ಫೋನ್ ಇಡಲಿಲ್ಲ. ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದಳು. ಅವನು ಕಾದ, ಆಮೇಲೆ ಅವನೇ ಇಟ್ಟ.